ಗವಿಯ ಬಂದೂಕುಗಳನ್ನು ನೋಡಿದವರು ಯಾರು

ನನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ನನ್ನನ್ನು ನೌಕರಿಯಿಂದ ತೆಗೆದುಹಾಕಿದರು. ಅದನ್ನು ಹೇಳುವಾಗ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ತಮ್ಮನ ಮೊಮ್ಮಕ್ಕಳು ನಗುತ್ತಾರೆ. "ಅಜ್ಜೀ, ನೌಕರಿ ಹೋದದ್ದಕ್ಕ ಯಾರರೆ ಇಷ್ಟು ಹೆಮ್ಮಿ ಪಡ್ತಾರೇನು?" ಎನ್ನುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾವು ಬೆಳಗಾವಿಗೆ ಅಂಟಿದ ಅನಗೋಳದ ಜೈನರು. ಬಸದಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪನದು ಕಾಳಿನ ವ್ಯಾಪಾರ, ಅಂಗಡಿ ದಂಡು ಇರುವ ಕ್ಯಾಂಪಿನ ಅಂಚಿನಲ್ಲಿ. ಪಲ್ಟನ್ನಿನ ಕುದುರೆಗಳಿಗೆ, ಹೇಸರಗತ್ತೆಗಳಿಗೆ ಬೇಕಾದ ಹುರುಳಿ ಅಲ್ಲಿಂದಲೇ ಹೋಗುತ್ತಿತ್ತು. ನನಗೆ ಚಿಕ್ಕಂದಿನಲ್ಲೇ ಮದುವೆಯಾಗಿತ್ತು. ಮಹಾಯುದ್ಧ ಮುಗಿಯುವ ಹೊತ್ತಿಗೆ ಊರೂರಿಗೆ ಜ್ವರ ಬಂತಲ್ಲ, ಅದರಲ್ಲಿ ಗಂಡ ಹೋದರು. ಅವರ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಓಣಿಯ ಹಿರಿಯರು ಇನ್ನು ಇವಳು ಮೂಲೆ ಹಿಡಿದು ಕೂತಿರಲಿ ಎಂದರು. ಅಪ್ಪ ಅವರ ಮುಂದೆ ಹೂಂ ಎಂದು ತಲೆಯಾಡಿಸಿ, ಮರುತಿಂಗಳು ನನ್ನನ್ನು ಧಾರವಾಡಕ್ಕೆ ಮಾಸ್ತರಿಕೆಯ ಟ್ರೇನಿಂಗಿಗೆ ಕಳಿಸಿಬಿಟ್ಟ. ಕಲಿತು ಬಂದ ಮೇಲೆ ಖಾನಾಪುರದ ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿ ಸಿಕ್ಕಿತು. ನನ್ನ ಜೊತೆಗಿರಲಿ ಎಂದು ಅಪ್ಪ ತನ್ನ ಅಕ್ಕನನ್ನೂ ಕಳಿಸಿದ. ಆ ನನ್ನ ಸೋದರತ್ತೆ ಬಹಳ ಅಂಜುಬುರುಕಿ. ಪೋಲೀಸನ ಪಗಡಿ ದೂರದಲ್ಲಿ ಕಂಡರೆ ಸಾಕು, ಬಾಗಿಲು ಹಾಕಿಕೊಂಡು ಒಳಗಿನಿಂದ ನನ್ನನ್ನು ಕೂಗುತ್ತಿದ್ದಳು.

ಖಾನಾಪುರದಲ್ಲಿ ಆಗ ಪೇಟೆಯ ಮಾತೆಲ್ಲ ಮರಾಠಿ. ತಾಲೂಕಿನ ಪೂರ್ವದ ಹಳ್ಳಿಗಳಿಂದ ಬರುವವರದು ಕನ್ನಡ. ಸಾಲೆಯಲ್ಲಿ ನಾನು ಎರಡನ್ನೂ ಕಲಿಸುತ್ತಿದ್ದೆ. ಕಚೇರಿಯವರು ಊರವರಿಗೆ ಏನಾದರೂ ತಿಳಿಸಬೇಕಾದಾಗ, ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಲು ನನ್ನನ್ನೇ ಕರೆಯುವುದು ರೂಢಿಯಾಯಿತು. ಸಿಡುಬಿಗೆ ಲಸಿಕೆ, ಅಂದರೆ ದೇವಿ, ಹಾಕುವವರು ಬಂದಾಗ, ನದಿಗೆ ನೆರೆ ಬಂದಾಗ, ಹೀಗೆ. ಹೆಣ್ಣುಮಕ್ಕಳು ಗಂಡಸು ಕಾರಕೂನನ ಮಾತಿಗಿಂತ ನನ್ನ ಮಾತನ್ನು ಹೆಚ್ಚು ಗಮನವಿಟ್ಟು ಕೇಳುತ್ತಿದ್ದರು. ಆ ಕೆಲಸ ನನಗೂ ಇಷ್ಟವಾಗಿತ್ತು. ಒಬ್ಬರು ಆಡಿದ್ದನ್ನು ಕೂಡಿಸದೆ, ಕಳೆಯದೆ ಇನ್ನೊಬ್ಬರಿಗೆ ಮುಟ್ಟಿಸುವುದು ಒಂದು ಬಗೆಯ ಕಸುಬು. ನನಗೆ ಅದು ಚೆನ್ನಾಗಿ ಕೈಹತ್ತಿತ್ತು.

ಇಪ್ಪತ್ತರ ದಶಕ ಆಗಿನ್ನೂ ಶುರುವಾಗಿತ್ತಷ್ಟೆ. ಒಂದು ವರ್ಷ ಮಳೆಗಾಲ ಕಳೆಯುತ್ತಿದ್ದಂತೆ ಊರಲ್ಲಿ ಹೊಸ ಸುದ್ದಿ ಎದ್ದಿತು. ವಾಯವ್ಯದ ಸರಹದ್ದಿನಾಚೆ ಗುಡ್ಡಗಾಡಿನ ಜನ ಗವಿಗಳಲ್ಲಿ ಸಾವಿರಗಟ್ಟಲೆ ಹೊಸ ಬಂದೂಕು ಬಚ್ಚಿಟ್ಟಿದ್ದಾರಂತೆ, ಪರದೇಶದ ಫಿರಂಗಿ ತೋಪುಗಳೂ ಇವೆಯಂತೆ, ಇಷ್ಟರಲ್ಲೇ ಕೆಳಗಿಳಿದು ಹಿಂದುಸ್ತಾನವನ್ನು ಲೂಟಿ ಮಾಡುತ್ತಾರಂತೆ. ಅದು ಬರೀ ಬಾಯಿಮಾತಲ್ಲ, ಸರಕಾರವೇ ಹೇಳಿದ್ದು. ಚಾವಡಿಯ ಗೋಡೆಗೆ ಜಾಹೀರನಾಮೆ ಅಂಟಿಸಿದ್ದರು. ಗುಡ್ಡದವರು ನಮ್ಮ ಮೇಲೆ ಬೀಳುವ ಮೊದಲು ನಾವೇ ಅವರ ಮೇಲೆ ಹೋಗಬೇಕು, ಅದಕ್ಕೆ ಖಾನಾಪುರದ ಗಟ್ಟಿ ಹುಡುಗರು ಪಲ್ಟನ್ನಿಗೆ ಸೇರಬೇಕು ಎಂಬುದು ಅದರ ಸಾರ.

ಓದಿದಾಗ ನನಗೂ ಎದೆ ಝಲ್ಲೆಂದಿತ್ತು. ಸುಳ್ಳಿರಬಹುದು ಎಂದು ಮೊದಲಿಗೆ ಅನಿಸಲೇ ಇಲ್ಲ. ಛಾಪಿಸಿದ ಅಕ್ಷರಕ್ಕೆ ನಾನು ಆಗ ಅಷ್ಟು ಮರ್ಯಾದೆ ಕೊಡುತ್ತಿದ್ದೆ.

ಇಲ್ಲಿ ನಾನು ದೊಡ್ಡವ್ವನ ಬಗ್ಗೆ ಹೇಳಬೇಕು. ಆಕೆ ಪೂರ್ವದ ಕಡೆಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆತನ. ಗಂಡ ತೀರಿಕೊಂಡ ಮೇಲೆ ದೊಡ್ಡ ಕುರಿಹಿಂಡು, ಹೊಲ, ಮನೆ ಎಲ್ಲವನ್ನೂ ತಾನೇ ನಡೆಸುತ್ತಿದ್ದಳು. ಹಟ್ಟಿಯಲ್ಲಿ ಜಗಳವಾದರೆ ಎರಡೂ ಕಡೆಯವರು ಬಂದು ಆಕೆಯ ಮನೆಯ ಕಟ್ಟೆಯ ಮೇಲೆ ಕೂಡಬೇಕು. ಎತ್ತರದ ಆಳು, ದಪ್ಪ ದನಿ. ಊರಿಗೆಲ್ಲ ಆಕೆ ದೊಡ್ಡವ್ವನೇ. ಸಂತೆಗೆ ಬಂದಾಗ ನಮ್ಮ ಸಾಲೆಯ ಬಾಗಿಲಲ್ಲಿ ನಿಂತು, "ಅಕ್ಕೋರ, ಹುಡುಗ್ಯಾರು ಏನ್ ಕಲತ್ರು ಇವತ್ತ?" ಎಂದು ಕೇಳದೆ ಹೋಗುತ್ತಿರಲಿಲ್ಲ.

ಆಕೆಗೆ ಇಬ್ಬರು ಗಂಡುಮಕ್ಕಳು. ಹಿರಿಯ ಮಗ ಮಹಾಯುದ್ಧದಲ್ಲಿ ಸಮುದ್ರದಾಚೆಯ ಬಸರಾದ ಕಡೆಗೆ ಹೋಗಿ ಬಂದವನು. ಒಂದು ಕಾಲು ಎಳೆದು ನಡೆಯುತ್ತಿದ್ದ, ಎದೆಯ ಮೇಲೆ ಪದಕವಿತ್ತು. ಮಾತು ಕಡಿಮೆ. ಕಿರಿಯವನಿಗೆ ಅಣ್ಣನ ಪದಕವೆಂದರೆ ಪ್ರಾಣ. ಮದುವೆಗೆ ಬಂದ ವಯಸ್ಸು, ಒಳ್ಳೆಯ ಮೈಕಟ್ಟು. ಜಾಹೀರನಾಮೆ ಅಂಟಿಸಿದ ದಿನದಿಂದ ಅವನು ಪಲ್ಟನ್ನಿನ ಮಾತನ್ನೇ ಆಡುತ್ತಿದ್ದಾನೆಂದು ದೊಡ್ಡವ್ವ ನನಗೆ ಹೇಳಿದ್ದಳು.

"ನೀವೇನ್ ಹೇಳಿದ್ರಿ?" ಎಂದು ಕೇಳಿದ್ದೆ.

"ನಾ ಏನ್ ಹೇಳ್ಲಿ ಅಕ್ಕೋರ? ಖರೇನ ಯಾರರೆ ನಮ್ಮ ಮ್ಯಾಲೆ ಏರಿ ಬರಾಕ ಹತ್ತಿದ್ರ ಹೋಗೂದ ಬೇಕು. ಖರೇ ಐತೇನು ಅಂತ ಕೇಳಬೇಕಲಾ ಮೊದಲ."

ಕೇಳುವ ಅವಕಾಶ ಬಂತು. ಕ್ಯಾಂಪಿನಿಂದ ಒಬ್ಬ ಸಾಹೇಬ ಖಾನಾಪುರಕ್ಕೆ ಬಂದು ಸಭೆ ನಡೆಸುವುದೆಂದು ಡಂಗುರ ಸಾರಿಸಿದರು. ತಾಯಂದಿರು ಒಪ್ಪದೆ ಹುಡುಗರು ಬರುವುದಿಲ್ಲ ಎಂದು ಯಾರೋ ಸಲಹೆ ಕೊಟ್ಟಿರಬೇಕು, ಹೆಂಗಸರೂ ಬರಬೇಕೆಂದು ಹುಕುಂ ಆಯಿತು. ತಾಲೂಕಿನ ಅಧಿಕಾರಿ ಮಾಮಲೇದಾರರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ, ನಮ್ಮ ಸಾಲೆಗೆ ಹಂಚು ಹಾಕಿಸಿಕೊಟ್ಟವರು. ಆದರೆ ಮೇಲಿನವರೆಂದರೆ ಅವರಿಗೆ ಅಂಜಿಕೆ. "ಬಾಯೀ, ಹೆಣ್ಮಕ್ಕಳಿಗೆ ನೀವು ಕನ್ನಡದಾಗ ತಿಳಿಸಿ ಹೇಳ್ರಿ. ಎಲ್ಲಾ ಛಂದಾಗಿ ಆಗಬೇಕು ನೋಡ್ರಿ," ಎಂದರು.

ಚಾವಡಿಯ ಮುಂದಿನ ಬಯಲಿನಲ್ಲಿ ಚಪ್ಪರ ಹಾಕಿದ್ದರು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಕುಂಬಾರರ ಮನೆಯವರು, ಒಕ್ಕಲಿನವರು, ಪೇಟೆಯ ನಮ್ಮ ಜೈನ ಬಾಯಂದಿರು, ಪೂರ್ವದ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದ ಕುರಿಗಾರರ ಹೆಂಗಸರು. ಮುಂದಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ, ದೊಡ್ಡವ್ವನ ಹಿರಿಯ ಮಗನನ್ನು ಪದಕ ಹಾಕಿಸಿ ಕುರ್ಚಿಯ ಮೇಲೆ ಕೂಡಿಸಿದ್ದರು.

ಸಾಹೇಬ ಇನ್ನೂ ಹರೆಯದವನು. ಕ್ಯಾಂಪಿನಲ್ಲಿದ್ದು ಮರಾಠಿ ಪರೀಕ್ಷೆ ಪಾಸು ಮಾಡಿದ್ದನಂತೆ, ನಿಧಾನಕ್ಕೆ ಆಡಿದರೆ ತಿಳಿಯುತ್ತಿತ್ತು. ಆದರೂ ಭಾಷಣವನ್ನು ಇಂಗ್ಲಿಷಿನಲ್ಲೇ ಮಾಡಿದ. ಮಾಮಲೇದಾರರು ಮರಾಠಿಗೆ ತಂದರು, ನಾನು ಕನ್ನಡಕ್ಕೆ. ಗವಿಗಳು, ಬಂದೂಕುಗಳು, ತೋಪುಗಳು. ನಾನು ಚೆನ್ನಾಗಿಯೇ ಹೇಳಿದೆ. ಹೆಂಗಸರ ಕಡೆ ಹೆದರಿಕೆಯ ಗುಜುಗುಜು ಎದ್ದದ್ದೂ ಕೇಳಿಸಿತು. ಹಿಂದೆ ಕೂತಿದ್ದ ನನ್ನ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕೊನೆಗೆ ಸಾಹೇಬ, ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳಿ ಎಂದ. ಅದು ಉಪಚಾರದ ಮಾತು. ದೊಡ್ಡವ್ವ ಅದನ್ನು ನಿಜವಾದ ಮಾತೆಂದು ತಿಳಿದು ಎದ್ದು ನಿಂತಳು.

"ಅಕ್ಕೋರ, ಸಾಹೇಬ್ರಿಗೆ ಹೇಳ್ರಿ. ನನ್ನ ಒಬ್ಬ ಮಗನ್ನ ಕೊಟ್ಟೇನಿ, ಅಲ್ಲೇ ಕುಂತಾನ. ಇನ್ನೊಬ್ಬನ್ನ ಕೊಡಾಕ ನನಗ ಅಂಜಿಕಿ ಇಲ್ಲ. ಖರೇ, ಆ ಗವಿಯೊಳಗಿನ ಬಂದೂಕು ಕಣ್ಣಿಂದ ನೋಡಿದಾವ್ರು ಯಾರು? ಸಾಹೇಬ್ರು ನೋಡ್ಯಾರೇನು? ಅವರು ನೋಡಿದ್ರ ನೋಡೇನಿ ಅಂತ ಹೇಳ್ಲಿ, ನಾ ನಂಬತೇನಿ."

ಮಾಮಲೇದಾರರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಸಾಹೇಬನ ಕಡೆ ಬಗ್ಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಟ್ರೇನಿಂಗಿನಲ್ಲಿ ಕಲಿತ ನನ್ನ ಅರೆಬರೆ ಇಂಗ್ಲಿಷಿಗೆ ಅಷ್ಟು ತಿಳಿಯಿತು. ಈ ತಾಯಿ ತನ್ನ ಮಗ ಕ್ಷೇಮವಾಗಿ ಬರುತ್ತಾನೆಯೇ ಎಂದು ಕೇಳುತ್ತಿದ್ದಾಳೆ, ಎಂದಿದ್ದರು ಅವರು. ಸಾಹೇಬ ಮುಗುಳ್ನಕ್ಕು, ಸರಕಾರ ತನ್ನ ಸಿಪಾಯಿಗಳನ್ನು ಮಕ್ಕಳಂತೆ ನೋಡಿಕೊಳ್ಳುತ್ತದೆ ಎಂದ. ಅದನ್ನು ಕನ್ನಡದಲ್ಲಿ ಹೇಳಲು ಮಾಮಲೇದಾರರು ನನಗೆ ಸನ್ನೆ ಮಾಡಿದರು.

ನಾನು ದೊಡ್ಡವ್ವನನ್ನು ನೋಡಿದೆ. ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಏನು ಹೇಳಿದರೂ ಅದೇ ಸಾಹೇಬನ ಉತ್ತರವೆಂದು ಆಕೆ ನಂಬುತ್ತಾಳೆ, ಆ ಉತ್ತರವನ್ನು ನೆಚ್ಚಿ ಮಗನನ್ನು ಕಳಿಸುತ್ತಾಳೆ. ಇದು ಹೊಳೆದ ಮೇಲೆ ನನಗೆ ಬೇರೆ ದಾರಿ ಕಾಣಲಿಲ್ಲ. ಸಾಹೇಬನ ಕಡೆ ತಿರುಗಿ ಮರಾಠಿಯಲ್ಲಿ, ಅವನಿಗೆ ತಿಳಿಯುವಷ್ಟು ನಿಧಾನವಾಗಿ, ಆಕೆ ಆಡಿದ್ದನ್ನು ಆಡಿದಂತೆಯೇ ಹೇಳಿದೆ. ಕೊನೆಯಲ್ಲಿ, "ಕುಣೀ ಪಾಹಿಲಂ? ಯಾರು ನೋಡಿದರು ಎಂದು ಕೇಳುತ್ತಿದ್ದಾಳೆ," ಎಂದೆ.

ಸಾಹೇಬನ ಕಿವಿ ಕೆಂಪಾದವು. ಮಾಮಲೇದಾರರ ಮುಖವನ್ನೊಮ್ಮೆ ನೋಡಿದ, ನನ್ನ ಮುಖವನ್ನೊಮ್ಮೆ ನೋಡಿದ. ಆಮೇಲೆ ಮರಾಠಿಯಲ್ಲೇ, "ಅದು ಸರಕಾರದ ಗುಪ್ತ ಮಾಹಿತಿ. ಹೇಳಲು ಬರುವುದಿಲ್ಲ," ಎಂದ.

ಅದನ್ನೂ ಹಾಗೆಯೇ ಕನ್ನಡಕ್ಕೆ ತಂದೆ.

"ಗುಪ್ತ ಇರ್ಲಿ," ಎಂದಳು ದೊಡ್ಡವ್ವ. "ಮತ್ತ ನನ್ನ ಮಗನ ಹೆಣಾನೂ ಗುಪ್ತ ಆಗೇ ಬರ್ತೈತೇನು?"

ಇದನ್ನು ನಾನು ಮರಾಠಿಗೆ ತರುವ ಮೊದಲೇ ಸಾಹೇಬ ಕೈಯೆತ್ತಿ ತಡೆದು, ಕುರ್ಚಿಯ ಮೇಲಿದ್ದ ಹಿರಿಯ ಮಗನ ಕಡೆ ತಿರುಗಿದ. ನೀನು ಸಿಪಾಯಿ, ನಿನ್ನ ತಾಯಿಗೆ ನೀನೇ ತಿಳಿಸಿ ಹೇಳು ಎಂದ. ಹಿರಿಯ ಮಗ ಎದ್ದ. ಎಳೆಯುವ ಕಾಲನ್ನು ಸರಿಮಾಡಿಕೊಂಡು ಸಲಾಮು ಹೊಡೆದ. ಅವನು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೆಯೂ ಕೇಳಲಿಲ್ಲ.

"ಸಾಹೇಬ, ನಾ ಸರಕಾರದ ಅನ್ನ ಉಂಡಾಂವ. ಹುಕುಂ ಕೊಟ್ಟಲ್ಲೆ ಹೋಗೇನಿ. ಅದಕ್ಕ ನನಗ ನಾಚಿಕಿ ಇಲ್ಲ. ಬಸರಾದ ಆಚಿಕಡೆ ಒಂದು ಹಳ್ಳಿ ಇತ್ತರಿ, ಖರ್ಜೂರದ ತ್ವಾಟದಾಗ. ಅಲ್ಲೆ ಬಂದೂಕು ಹುಗದಾರ ಅಂತ ನಮಗ ಹೇಳಿದ್ರು. ಮೊದಲ ಹಳ್ಳಿ ಸುಟ್ಟಿವಿ, ಆಮ್ಯಾಲೆ ನೆಲ ಅಗದಿವಿ. ಜೋಳ ತುಂಬಿದ ಹಗೇವು ಸಿಕ್ಕವು. ಒಂದು ಬೀಸುಕಲ್ಲ ಸಿಕ್ತು. ಅರಿವ್ಯಾಗ ಸುತ್ತಿಟ್ಟ ಹಿತ್ತಾಳಿ ಭಾಂಡೆ ಸಿಕ್ಕವು. ಬಂದೂಕು ಸಿಗಲಿಲ್ಲರಿ." ತಾಯಿಯ ಕಡೆ ನೋಡಿ ಹೇಳಿದ, "ನಮ್ಮವ್ವ ಕೇಳಿದ್ದು ತಪ್ಪಿಲ್ಲರಿ, ಸಾಹೇಬ."

ಮತ್ತೊಂದು ಸಲಾಮು ಹೊಡೆದು ಕೂತ. ಅವನು ಆಡಿದ್ದನ್ನೂ ಹಾಗೆಯೇ ಸಾಹೇಬನಿಗೆ ಮರಾಠಿಯಲ್ಲಿ ಹೇಳಿದೆ. ಆ ದಿನ ಎತ್ತರ ಅಳೆಯಿಸಿಕೊಳ್ಳಲು, ಹೆಸರು ಬರೆಸಲು ಯಾರೂ ಮುಂದೆ ಬರಲಿಲ್ಲ. ಸಾಹೇಬ ಮೋಟಾರು ಹತ್ತಿ ಹೋದ. ಹೋಗುವ ಮೊದಲು ಅವನು ಆ ಹಿರಿಯ ಮಗನ ಮುಂದೆ ನಿಂತು ಅವನ ಸಲಾಮಿಗೆ ಸಲಾಮು ಕೊಟ್ಟದ್ದನ್ನು ನಾನು ನೋಡಿದೆ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಮಾತು ಅರ್ಧವಾಗುತ್ತದೆ.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವನು ಕಿರಿಯ ಮಗ. ಸಾಲೆಯ ಮುಂದೆಯೇ ತಾಯಿಗೆ, "ಎಲ್ಲಾರ ಮುಂದ ನಮ್ಮ ಮಾನ ಕಳದಿ," ಎಂದು ಕೂಗಾಡಿದ. ದೊಡ್ಡವ್ವ ಬುತ್ತಿಯ ಗಂಟು ಬಿಚ್ಚುತ್ತ, "ಮೊದಲ ರೊಟ್ಟಿ ತಿನ್ನು," ಎಂದಳಷ್ಟೆ.

ಮರುದಿನ ಮಾಮಲೇದಾರರ ಕಚೇರಿಯಿಂದ ಕರೆ ಬಂತು. ಅವರು ನನ್ನನ್ನು ಕೂಡಲು ಹೇಳಿದರು, ತಾವು ನಿಂತೇ ಇದ್ದರು.

"ಬಾಯೀ, ಏನ್ ಮಾಡಿದ್ರಿ ನೀವು? ಬೆಳಗಾವಿಯಿಂದ ನನಗ ಕೇಳಾಕ ಹತ್ಯಾರ."

"ಆಕಿ ಕೇಳಿದ್ದು ಹೇಳಿದೆ, ರಾವಸಾಹೇಬ್ರ."

"ಹೇಳೂದಕ್ಕೂ ಒಂದು ರೀತಿ ಇರ್ತದ." ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು, "ಮುಂದಿನ ಸಂತಿ ದಿನ ಮತ್ತ ಸಭಾ ಇಡತೇನಿ. ನೀವು ಎದ್ದು ನಿಂತು, ನನಗ ಆ ಅಜ್ಜಿ ಮಾತು ಸರಿ ತಿಳೀಲಿಲ್ಲ, ಆಕಿ ಮಗನ ಕ್ಷೇಮ ಕೇಳಿದ್ಲು, ನಾ ತಪ್ಪು ಹೇಳಿದೆ ಅಂತ ಹೇಳ್ರಿ. ಅಷ್ಟ. ನಿಮ್ಮ ನೌಕರಿ ಉಳೀತದ, ನನ್ನದೂ ಉಳೀತದ."

ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಮನೆಯಲ್ಲಿ ಅತ್ತೆ ಅಳುತ್ತ ಕೂತಿದ್ದಳು. "ಹೇಳಿಬಿಡ, ಒಂದು ಮಾತು ಹೇಳೂದ್ರಾಗ ಏನ್ ಹೋಗ್ತೈತಿ? ನಮ್ಮಂಥಾವ್ರಿಗೆ ಸರಕಾರದ ಉಸಾಬರಿ ಯಾಕ?" ಎಂದಳು. ಆ ಮಾತು ನನ್ನನ್ನು ಅಲ್ಲಾಡಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂಲೆಯಲ್ಲಿರಲಿ ಎಂದು ಎಲ್ಲರಿಂದ ಅನ್ನಿಸಿಕೊಂಡಿದ್ದ ನನಗೆ ಆ ನೌಕರಿಯೇ ಮನೆಯ ಹೊರಗಿನ ಜಗತ್ತು. ಹುಡುಗಿಯರು ಪಾಟಿ ಹಿಡಿದು ಓಡಿಬರುವ ಸದ್ದಿಲ್ಲದ ಬೆಳಗನ್ನು ನೆನೆಯಲೂ ನನಗೆ ಮನಸ್ಸಿರಲಿಲ್ಲ.

ರವಿವಾರ ಬೆಳಗಿನ ರೈಲು ಹಿಡಿದು ಬೆಳಗಾವಿಗೆ ಹೋದೆ. ಅನಗೋಳದ ಮನೆಯಲ್ಲಿ ಅಪ್ಪ ಆಗಷ್ಟೇ ಬಸದಿಯಿಂದ ಬಂದು ಹಣೆಯ ಗಂಧ ಆರುವ ಮೊದಲೇ ಕಾಳಿನ ಮಾದರಿ ನೋಡುತ್ತ ಕೂತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಅವನು ಅಂಗೈಯ ಮೇಲಿನ ಹುರುಳಿಕಾಳನ್ನು ಬೆರಳಿಂದ ಆಡಿಸುತ್ತಲೇ ಕೇಳಿದ.

"ಬಾಳಾ," ಎಂದ. ಅಪ್ಪ ನನ್ನನ್ನು ಕರೆಯುತ್ತಿದ್ದದ್ದು ಹಾಗೆ. "ಆ ಕಾಗದ ಚಾವಡಿಗೆ ಯಾವಾಗ ಹಚ್ಚಿದ್ರು?"

"ಮಳಿ ನಿಂತ ಮ್ಯಾಲೆ."

"ನನ್ನ ಅಂಗಡಿಗೆ ಹುರಳಿ ಹೆಚ್ಚಿಗಿ ಬೇಕು ಅಂತ ಹೇಳಿಕಳಿಸಿದ್ದು ಬ್ಯಾಸಗ್ಯಾಗ. ಹ್ಯಾಸರಗತ್ತಿ ಹೊಸಾವು ಬಂದು ಕ್ಯಾಂಪಿನ್ಯಾಗ ನಿಂತದ್ದು ಮಳಿಗಿಂತ ಮೊದಲ. ಹೋಗೂದಂತೂ ಅವರು ಆವಾಗನ ಠರಾವ ಮಾಡ್ಯಾರ. ಗವಿಯಾಗ ಬಂದೂಕು ಅದಾವು ಅಂತ ಆಮ್ಯಾಲೆ ಗೊತ್ತಾಗೇತಿ." ಅಪ್ಪ ನಗಲಿಲ್ಲ. "ಬಂದೂಕು ಇಲ್ಲಂತ ನಾ ಹೇಳೂದಿಲ್ಲ. ಇರಬಹುದು. ನನಗೇನ್ ಗೊತ್ತು? ಆದ್ರ ಮೊದಲ ದಾರಿ ಹಿಡದು ಆಮ್ಯಾಲೆ ಕಾರಣ ಹುಡುಕಿದವರನ್ನ ನಾ ಅಂಗಡ್ಯಾಗೂ ನಂಬೂದಿಲ್ಲ."

"ನಾ ಏನ್ ಮಾಡ್ಲಿ ಅಪ್ಪಾ? ನಿನ್ನ ಕ್ಯಾಂಪಿನ ವ್ಯಾಪಾರಕ್ಕೂ ಧಕ್ಕಿ ಆಗಬಹುದು."

"ನೀ ಹೇಳಿದ್ದು ಆಕಿ ಕೇಳಿದ್ದ ಹೌದಲ್ಲೋ?"

"ಹೌದು."

"ಮತ್ತ ತಪ್ಪು ಹೇಳಿದೆ ಅಂತ ಹೆಂಗ ಹೇಳ್ತಿ? ಹುರಳಿ ತಿನ್ನಾಕ ಊರಾಗ ಎತ್ತು ಅದಾವು. ಊಟ ಮಾಡು, ನಡಿ."

ನನಗೆ ಅಷ್ಟು ಸಾಕಾಯಿತು. ತಿರುಗಿ ಹೋಗುವ ರೈಲಿನ ಕಿಟಕಿಯಲ್ಲಿ ಕೂತಾಗ, ಏನು ಹೇಳಬೇಕೆಂಬುದು ಎರಡೂ ಭಾಷೆಗಳಲ್ಲಿ ತಾನಾಗಿಯೇ ಜೋಡಿಸಿಕೊಳ್ಳುತ್ತ ಬಂತು.

ಸಂತೆಯ ದಿನದ ಸಭೆಗೆ ಮೊದಲಿನದಕ್ಕಿಂತ ಹೆಚ್ಚು ಜನ ಬಂದಿದ್ದರು. ಸಾಹೇಬ ಬಂದಿರಲಿಲ್ಲ. ಕಚೇರಿಯ ಜನ, ಪೋಲೀಸರು ಇದ್ದರು. ಮಾಮಲೇದಾರರು ಸ್ವಲ್ಪ ಮಾತಾಡಿ, ಹೋದ ಸಭೆಯಲ್ಲಿ ಮಾತು ತಿಳಿಯುವುದರಲ್ಲಿ ಒಂದು ಗೊಂದಲವಾಗಿತ್ತು, ಅದನ್ನು ಸಾಲೆಯ ಬಾಯಿಯವರು ಸರಿಪಡಿಸುತ್ತಾರೆ ಎಂದರು. ನಾನು ಎದ್ದು ನಿಂತೆ. ದನಿ, ಹೇಗೋ ಏನೋ, ತರಗತಿಯಲ್ಲಿ ಇರುವಂತೆಯೇ ಇತ್ತು.

"ನಾ ತಪ್ಪು ಹೇಳಿದೆ ಅಂತ ನಿಮ್ಮ ಮುಂದ ಹೇಳಬೇಕು ಅಂತ ನನಗ ಹೇಳ್ಯಾರ," ಎಂದೆ ಕನ್ನಡದಲ್ಲಿ. "ನಾ ತಪ್ಪು ಹೇಳಿಲ್ಲ. ದೊಡ್ಡವ್ವಾರು ಕೇಳಿದ್ದು, ಬಂದೂಕು ಕಣ್ಣಿಂದ ನೋಡಿದಾವ್ರು ಯಾರು ಅಂತ. ನಾ ಸಾಹೇಬ್ರಿಗೆ ಹೇಳಿದ್ದೂ ಅದನ್ನ. ಅವರು ಕೊಟ್ಟ ಉತ್ತರ, ಅದು ಗುಪ್ತ ಐತಿ ಅಂತ. ನಾ ನಿಮಗ ಹೇಳಿದ್ದೂ ಅದನ್ನ. ಯಾರರೆ ನಾ ಏನಾದ್ರೂ ಕೂಡಿಸೇನಿ, ಇಲ್ಲಾ ಬಿಟ್ಟೇನಿ ಅಂದ್ರ ಈಗ ಹೇಳ್ರಿ."

ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ. ಕೂಡಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ದೊಡ್ಡವ್ವ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಬಾಜು ನಿಂತಳು. "ನಾ ಕೇಳಿದ್ದು ಹೌದು. ಅಕ್ಕೋರು ಹೇಳಿದ್ದು ಹೌದು," ಎಂದಳು. ಕುಂಬಾರರ ಓಣಿಯ ಹೆಂಗಸೊಬ್ಬಳು ಎದ್ದು, ನಾವೂ ಹಾಗೆಯೇ ಕೇಳಿದೆವು ಎಂದು ಮರಾಠಿಯಲ್ಲಿ ಹೇಳಿದಳು. ಇನ್ನೂ ಕೆಲವರು ಎದ್ದರು. ಆಮೇಲೆ ಹಿಂದಿನಿಂದ ಒಂದು ಸಣ್ಣ ದನಿ ಕೇಳಿಸಿತು. "ನಮ್ಮ ಹುಡುಗಿ ಸುಳ್ಳು ಹೇಳೂದಿಲ್ಲರಿ." ತಿರುಗಿ ನೋಡಿದರೆ ನನ್ನ ಅತ್ತೆ. ಪೋಲೀಸರಿಂದ ಒಂದು ಮಾರು ದೂರದಲ್ಲಿ, ಸೆರಗು ಗಟ್ಟಿಯಾಗಿ ಹಿಡಿದು ನಿಂತಿದ್ದಳು. ಅವತ್ತು ನನ್ನ ಕಣ್ಣಲ್ಲಿ ನೀರು ಬಂದದ್ದು ಅತ್ತೆಯನ್ನು ನೋಡಿ.

ಮಾಮಲೇದಾರರು ಪಗಡಿ ತೆಗೆದು ಹಣೆ ಒರೆಸಿಕೊಂಡರು, ಸಭೆ ಮುಗಿಯಿತೆಂದರು. ಕೆಲವೇ ದಿನಗಳಲ್ಲಿ ನನ್ನನ್ನು ನೌಕರಿಯಿಂದ ತೆಗೆದರು. ಅಪ್ಪನಿಂದ ಹುರುಳಿ ಕೊಳ್ಳುವುದೂ ನಿಂತಿತು. ನಾವು ಖಾನಾಪುರ ಬಿಟ್ಟ ದಿನ ಸ್ಟೇಶನ್ನಿಗೆ ಹುಡುಗಿಯರೆಲ್ಲ ಬಂದಿದ್ದರು. ದೊಡ್ಡವ್ವ ಒಂದು ಕರಿ ಕಂಬಳಿ ತಂದಿದ್ದಳು, ತನ್ನ ಹಿಂಡಿನ ಉಣ್ಣೆಯದು. ನನ್ನ ಕೈಯಲ್ಲಿ ಕೊಟ್ಟು, "ಚಳಿಗೆ ಬೇಕಾಗ್ತೈತಿ," ಎಂದಳು. ಕಿರಿಯ ಮಗ ಎಲ್ಲಿ ಎಂದು ಕೇಳಿದೆ.

"ಕ್ಯಾಂಪಿಗೆ ಹೋಗಿ ಭರ್ತಿ ಆದ," ಎಂದಳು ಆಕೆ, ದನಿ ಏರಿಸದೆ, ಇಳಿಸದೆ. "ಅಂವಾ ದೊಡ್ಡಾಂವ ಆಗ್ಯಾನ ಅಕ್ಕೋರ. ನಾ ಕೇಳೂದು ಕೇಳಿನಿ. ಅಂವಾ ಮಾಡೂದು ಅಂವಾ ಮಾಡ್ಯಾನ."

ನಮ್ಮ ಮಾತಿನಿಂದ ಯುದ್ಧವೇನೂ ನಿಲ್ಲಲಿಲ್ಲ. ಬೇರೆ ಊರುಗಳಿಂದ ಹುಡುಗರು ಸಿಕ್ಕರು. ಪಲ್ಟನ್ನು ಬೆಳಗಾವಿಯಿಂದ ರೈಲು ಹತ್ತಿತು. ಅನಗೋಳದಲ್ಲಿ ನಮ್ಮ ಮನೆಯ ಪಡಸಾಲೆಯನ್ನು ಅಪ್ಪ ಖಾಲಿ ಮಾಡಿಸಿ, ಕಾಳಿನ ಚೀಲಗಳನ್ನು ಅಟ್ಟಕ್ಕೆ ಏರಿಸಿದ. ಅಲ್ಲಿ ನಾನು ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕಲಿಸತೊಡಗಿದೆ. ನನ್ನನ್ನು ಮೂಲೆಯಲ್ಲಿ ಕೂಡಿಸಲು ಹೇಳಿದ್ದ ಹಿರಿಯರೊಬ್ಬರು ತಮ್ಮ ಮೊಮ್ಮಗಳನ್ನು ತಾವೇ ಕೈಹಿಡಿದು ಕರೆತಂದು ಬಿಟ್ಟುಹೋದರು. ಖಾನಾಪುರದಲ್ಲಿ ನಡೆದದ್ದು ಅವರ ಕಿವಿಗೂ ಬಿದ್ದಿತ್ತು. ಹೋಗುವಾಗ ನನಗೆ, "ಬರ್ತೇನ್ರಿ," ಎಂದು ಬಹುವಚನದಲ್ಲಿ ಹೇಳಿದರು.

ಒಂದು ವರ್ಷ ಕಳೆದು ಇನ್ನೊಂದು ನಡೆಯುತ್ತಿತ್ತು. ಒಂದು ಮಧ್ಯಾಹ್ನ ದೊಡ್ಡವ್ವ ಕಿರಿಯ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಅವನು ಕ್ಯಾಂಪಿನಲ್ಲಿ ಬಿಡುಗಡೆಯಾಗಿ ಅಂದೇ ಹೊರಬಿದ್ದಿದ್ದ. ಸೊರಗಿ ಕಪ್ಪಾಗಿದ್ದ, ಆದರೆ ಕೈಕಾಲು ನೆಟ್ಟಗಿದ್ದವು. "ಬರ್ರಿ, ಕುಂದರ್ರಿ," ಎಂದು ಅಪ್ಪ ಚಾಪೆ ಹಾಸಿಸಿದ. ನೀರು ಕುಡಿದ ಮೇಲೆ ಅವನು ತಾನಾಗಿಯೇ ಹೇಳತೊಡಗಿದ.

"ಅಕ್ಕೋರ, ನಾ ಗವಿ ಹೊಕ್ಕು ಬಂದೇನಿ. ಒಂದಲ್ಲ, ಕಂಡ ಕಂಡ ಗವಿ. ಹಳೇ ನಾಡ ಬಂದೂಕು ಸಿಕ್ಕವು, ನಮ್ಮ ಖಾನಾಪುರದ ಅಡವ್ಯಾಗ ಹಂದಿ ಹೊಡ್ಯಾಕ ಹೋಗ್ತಾರಲ್ಲ, ಅಂಥಾವು. ನಮ್ಮ ಪಲ್ಟನ್ನಿಂದ ಕದ್ದ ಒಂದಿಷ್ಟು ರೈಫಲ್ ಸಿಕ್ಕವು. ಅವರು ನಮ್ಮ ಮ್ಯಾಲೆ ಗುಂಡ ಹಾರಿಸಿದ್ರು, ಅದು ಖರೇ. ತೋಪು ಎಲ್ಲೂ ಇರಲಿಲ್ಲ. ಸಾವಿರಗಟ್ಟಲೆ ಅಂದಿದ್ರಲ್ಲ, ಅದನ್ನ ಯಾರೂ ನೋಡಲಿಲ್ಲ. ಆಮ್ಯಾಲೆ ಆಮ್ಯಾಲೆ ಅದರ ಸುದ್ದೀನ ಯಾರೂ ತಗೀಲಿಲ್ಲ."

ದೊಡ್ಡವ್ವ 'ನಾ ಹೇಳಿರಲಿಲ್ಲೇನು' ಎನ್ನಲಿಲ್ಲ. ಮಗನ ಮುಖವನ್ನೇ ನೋಡುತ್ತ, "ಅಲ್ಲೀ ಹಳ್ಳ್ಯಾಗಿನ ಹೆಣ್ಮಕ್ಳು, ಕೂಸು ಎಲ್ಲಿ ಹೋದ್ರಪಾ?" ಎಂದು ಕೇಳಿದಳು.

ಅವನು ನೀರಿನ ತಂಬಿಗೆಯನ್ನು ದೂರ ಸರಿಸಿದ. ಆಮೇಲೆ, "ಬರಫ್ ಬೀಳೂ ಚಳ್ಯಾಗ ಗುಡ್ಡಾ ಹತ್ತಿ ಹೋದ್ರು ಅವ್ವಾ," ಎಂದ. ತಾಯಿಯ ಕಡೆ ತಿರುಗಿ, "ನೀ ಎದ್ದು ನಿಂತು ಕೇಳಿದಾಗ ನನಗ ನಾಚಿಕಿ ಆಗಿತ್ತು. ಅಲ್ಲಿ ಸಿಪಾಯಿಗಳಿಗೆ ಎಷ್ಟೋ ಸಲ ಹೇಳೇನಿ, ನಮ್ಮವ್ವ ಸಾಹೇಬನ್ನ ನಿಲ್ಲಿಸಿ ಕೇಳಿದಾಕಿ ಅಂತ," ಎಂದ. ದೊಡ್ಡವ್ವ ಮುಖ ಆಚೆ ತಿರುಗಿಸಿಕೊಂಡಳು. ಅಪ್ಪ ಎದ್ದು ಒಳಗೆ ಹೋಗಿ ಬೆಲ್ಲ ತಂದ.

ಆ ಮಾಮಲೇದಾರರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತೆಂದು ಕೇಳಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಂದೆ ಪಡಸಾಲೆಯ ಸಾಲೆ ದೊಡ್ಡದಾಗಿ ಸಾಲೆಗಳನ್ನು ನಡೆಸುವ ಬೋರ್ಡಿನವರೇ ಅದನ್ನು ವಹಿಸಿಕೊಂಡರು, ನನ್ನನ್ನೂ ಮತ್ತೆ ನೌಕರಿಗೆ ತೆಗೆದುಕೊಂಡರು. ನನ್ನ ಹಳೆಯ ಕತೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಮುಚ್ಚಿಡದೆ ಹೇಳುತ್ತಿದ್ದೆ.

ಕಿರಿಯ ಮಗನಿಗೆ ಮದುವೆಯಾಗಿ ಹೆಣ್ಣುಮಗು ಹುಟ್ಟಿತು. ಅದು ಸಾಲೆಗೆ ಹೋಗುವ ವಯಸ್ಸಿಗೆ ಬಂದಾಗ ದೊಡ್ಡವ್ವ ಆ ಹುಡುಗಿಯನ್ನು ಅನಗೋಳಕ್ಕೆ ಕರೆತಂದು, "ಇದು ನಿಮ್ಮ ಹತ್ರ ಕಲೀಲಿ ಅಕ್ಕೋರ. ಬಾಳ ಮಾತಾಡ್ತೈತಿ," ಎಂದು ದೂರು ಹೇಳುವವಳಂತೆ ಹೇಳಿ, ನಗುತ್ತ ನಮ್ಮ ಮನೆಯಲ್ಲಿ ಬಿಟ್ಟುಹೋದಳು. ನನ್ನ ಅತ್ತೆ ಆ ಹುಡುಗಿಗೆ ದಿನಾ ಜಡೆ ಹಾಕುತ್ತಿದ್ದಳು. ಇಬ್ಬರೂ ಇಡೀ ಓಣಿಗೆ ಕೇಳುವಂತೆ ವಾದ ಮಾಡುತ್ತಿದ್ದರು.